ಗಡಿಯಾರವೇ ದೇವರಾದಾಗ

ಲಿಲಿಪುಟ್ ದ್ವೀಪದ ಆರಂಗುಲದ ಮನುಷ್ಯರು ಗಲಿವರನನ್ನು ಸೆರೆಹಿಡಿದ ಬಳಿಕ ಅವನ ಜೇಬುಗಳನ್ನು ಶೋಧಿಸಲು ಇಬ್ಬರು ಅಧಿಕಾರಿಗಳನ್ನು ನೇಮಿಸಿದರು. ಸಿಕ್ಕ ವಸ್ತುಗಳಿಗೆಲ್ಲ ಪಟ್ಟಿ ತಯಾರಾಯಿತು. ಸರ್ಕಾರಿ ಪಂಚನಾಮೆಯಷ್ಟೇ ಗಂಭೀರವಾದ ಆ ಪಟ್ಟಿಯಲ್ಲಿ ಬೆಳ್ಳಿಯ ಸರಪಳಿಗೆ ಕಟ್ಟಿದ ದುಂಡನೆಯ ಯಂತ್ರವೊಂದರ ವಿವರವೂ ಇತ್ತು. ನೀರಿನ ಗಿರಣಿಯಂತೆ ಎಡೆಬಿಡದೆ ಸದ್ದು ಮಾಡುವ ಇದು ಯಾವುದೋ ಅಪರಿಚಿತ ಪ್ರಾಣಿಯಿರಬೇಕು, ಇಲ್ಲವೇ ಈ ಮನುಷ್ಯ ಪೂಜಿಸುವ ದೇವರಿರಬೇಕು ಎಂದು ಅವರು ತರ್ಕಿಸಿದರು. ಎರಡನೆಯ ಊಹೆಯೇ ಅವರಿಗೆ ಹೆಚ್ಚು ಸಮಂಜಸವೆನಿಸಿತು. ಏಕೆಂದರೆ, ಅದನ್ನು ಕೇಳದೆ ತಾನು ಯಾವ ಕೆಲಸವನ್ನೂ ಮಾಡುವುದು ಅಪರೂಪವೆಂದು ಗಲಿವರನೇ ಹೇಳಿದ್ದ. ಆ ಯಂತ್ರ ಬೇರೇನೂ ಅಲ್ಲ, ಅವನ ಜೇಬುಗಡಿಯಾರ.

ಜೊನಾಥನ್ ಸ್ವಿಫ್ಟ್ ಈ ಪ್ರಸಂಗವನ್ನು ಪ್ರಕಟಿಸಿದ್ದು 1726ರಲ್ಲಿ. ಸುಮಾರು ಮುನ್ನೂರು ವರ್ಷಗಳ ನಂತರ ಗಡಿಯಾರದ ಜಾಗದಲ್ಲಿ ಮೊಬೈಲ್ ಫೋನನ್ನು ಇಟ್ಟು ಓದಿಕೊಂಡರೆ, ಲಿಲಿಪುಟ್ಟಿನ ಅಧಿಕಾರಿಗಳ ವರದಿಯಲ್ಲಿ ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲ.

ನಮ್ಮ ಶಾಲಾಪಠ್ಯಗಳು ಮತ್ತು ಮಕ್ಕಳ ಸಂಕ್ಷಿಪ್ತ ಆವೃತ್ತಿಗಳು ಗಲಿವರನ ಕಥೆಯನ್ನು ಕುಳ್ಳರ ಮತ್ತು ದೈತ್ಯರ ಕಥೆಯಾಗಿಸಿ ಮುಗಿಸಿಬಿಡುತ್ತವೆ. ಆದರೆ ಅದರ ಮೂರನೆಯ ಭಾಗದಲ್ಲಿ ಲಪುಟ ಎಂಬ ತೇಲುವ ದ್ವೀಪವಿದೆ. ಅಲ್ಲಿನ ದರ್ಜಿ ಗಣಿತದ ಉಪಕರಣಗಳಿಂದ ಮೈಯಳತೆ ತೆಗೆಯುತ್ತಾನೆ, ಬಟ್ಟೆ ಮಾತ್ರ ಮೈಗೆ ಹೊಂದುವುದಿಲ್ಲ. ಕೆಳಗಿನ ಲಗಾಡೊ ನಗರದ ವಿದ್ವತ್ ಸಂಸ್ಥೆಯಲ್ಲಿ ಸೌತೆಕಾಯಿಯಿಂದ ಸೂರ್ಯಕಿರಣವನ್ನು ಹಿಂಡಿ ತೆಗೆಯುವ ಸಂಶೋಧನೆ ವರ್ಷಗಟ್ಟಲೆ ನಡೆದಿದೆ. ಅಲ್ಲಿಯೇ ಇನ್ನೊಂದು ಯಂತ್ರವೂ ಇದೆ. ಭಾಷೆಯ ಪದಗಳನ್ನೆಲ್ಲ ಮರದ ತುಂಡುಗಳಿಗೆ ಅಂಟಿಸಿ ತಂತಿಗೆ ಪೋಣಿಸಲಾಗಿದೆ. ವಿದ್ಯಾರ್ಥಿಗಳು ಹಿಡಿಕೆ ತಿರುಗಿಸಿದಾಗಲೆಲ್ಲ ಪದಗಳ ಕ್ರಮ ಬದಲಾಗುತ್ತದೆ. ಅರ್ಥವಿರುವಂತೆ ಕಂಡ ತುಣುಕುಗಳನ್ನು ಬರೆದಿಟ್ಟುಕೊಳ್ಳಲಾಗುತ್ತದೆ. ಈ ಯಂತ್ರವಿದ್ದರೆ ಏನೂ ಓದದವನು ಕೂಡ ತತ್ತ್ವಶಾಸ್ತ್ರ, ಕಾವ್ಯ, ಕಾನೂನು, ಗಣಿತಗಳಲ್ಲಿ ಗ್ರಂಥ ರಚಿಸಬಹುದೆಂಬುದು ಅಲ್ಲಿನ ಪ್ರಾಧ್ಯಾಪಕರ ಭರವಸೆ. ಯಂತ್ರವೇ ಪ್ರಬಂಧ ಬರೆದುಕೊಡುವ ನಮ್ಮ ಕಾಲದಲ್ಲಿ ಇದನ್ನು ಓದುವಾಗ ನಗು ಅರ್ಧಕ್ಕೇ ನಿಲ್ಲುತ್ತದೆ. ಮಕ್ಕಳಿಗೆ ಅತ್ಯಗತ್ಯವಾಗಿ ತಲುಪಬೇಕಾದ ಭಾಗವನ್ನೇ ನಾವು ಮಕ್ಕಳ ಪುಸ್ತಕದಿಂದ ಕತ್ತರಿಸಿದ್ದೇವೆ.

ಸ್ವಿಫ್ಟ್ ಬಿಟ್ಟುಹೋದ ಈ ವಿಡಂಬನೆಯ ಪರಂಪರೆಯನ್ನು ಈ ಶತಮಾನದಲ್ಲಿ ಮುಂದುವರಿಸಿದವರಲ್ಲಿ ಹದಿಹರೆಯದವರಿಗಾಗಿ ಬರೆಯುವ ಕೆಲವು ಇಂಗ್ಲಿಷ್ ಕಾದಂಬರಿಕಾರರೂ ಇದ್ದಾರೆ ಎಂಬುದು ಗಮನಾರ್ಹ. ಹನ್ನೆರಡರಿಂದ ಹದಿನೆಂಟರ ವಯಸ್ಸಿನವರಿಗೆ ಬರೆದದ್ದೆಂಬ ಕಾರಣಕ್ಕೆ ಇಂಥ ಕೃತಿಗಳನ್ನು ಹಿರಿಯರು ಕೈಗೆತ್ತಿಕೊಳ್ಳುವುದಿಲ್ಲ. ಆದರೆ ಯಂತ್ರದೊಂದಿಗಿನ ನಮ್ಮ ಸಂಬಂಧದ ಬಗ್ಗೆ ಕೆಲವು ಅರ್ಥಶಾಸ್ತ್ರದ ಗ್ರಂಥಗಳೂ ಎತ್ತದ ಪ್ರಶ್ನೆಗಳನ್ನು ಇವು ಎತ್ತಿವೆ.

ಅಮೆರಿಕದ ಎಂ.ಟಿ. ಆ್ಯಂಡರ್ಸನ್ ಅವರ ‘ಫೀಡ್’ ಇವುಗಳಲ್ಲಿ ಮುಖ್ಯವಾದುದು. ಪ್ರಕಟವಾದದ್ದು 2002ರಲ್ಲಿ. ಆಗ ಫೇಸ್‌ಬುಕ್ ಹುಟ್ಟಿರಲಿಲ್ಲ. ಐಫೋನ್ ಬರಲು ಇನ್ನೂ ಐದು ವರ್ಷಗಳಿದ್ದವು. ಕಾದಂಬರಿಯ ಅಮೆರಿಕದಲ್ಲಿ ಬಹುತೇಕ ಜನರ ಮಿದುಳಿನೊಳಗೇ ಒಂದು ಸಂಪರ್ಕಸಾಧನವನ್ನು ಅಳವಡಿಸಲಾಗಿದೆ. ಅದರ ಹೆಸರೇ ಫೀಡ್. ಹಾಡು, ಹರಟೆ, ಮಾಹಿತಿ, ಜಾಹೀರಾತು ಎಲ್ಲವೂ ಕಣ್ಣು ಕಿವಿಗಳ ಹಂಗಿಲ್ಲದೆ ನೇರವಾಗಿ ಒಳಗೆ ಹರಿಯುತ್ತವೆ. ಮನಸ್ಸಿನಲ್ಲಿ ಆಸೆ ಮೂಡುವ ಮೊದಲೇ ವಸ್ತು ಎದುರಿಗೆ ಬಂದು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೇವು ಎಂಬ ಅರ್ಥವೂ ಇರುವುದನ್ನು ಓದುಗರು ಗಮನಿಸಬೇಕು. ಮೇಯಿಸುವವರು ಯಾರು, ಮೇಯುವವರು ಯಾರು, ಹಿಂಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಶೀರ್ಷಿಕೆಯಲ್ಲಿಯೇ ಅಡಗಿದೆ.

ಕಥೆಯನ್ನು ಹೇಳುವವನು ಟೈಟಸ್ ಎಂಬ ಹುಡುಗ. ಚಂದ್ರನಿಗೆ ಮೋಜಿನ ಪ್ರವಾಸ ಹೋದಾಗ ಅವನಿಗೆ ವೈಲೆಟ್ ಎಂಬ ಹುಡುಗಿಯ ಪರಿಚಯವಾಗುತ್ತದೆ. ಅವನ ಶಾಲೆಯನ್ನು ಕಂಪನಿಗಳೇ ನಡೆಸುತ್ತಿವೆ. ಫೀಡನ್ನು ಬಳಸುವುದು ಹೇಗೆ, ಅಗ್ಗದ ಸರಕನ್ನು ಹುಡುಕುವುದು ಹೇಗೆ ಎಂಬುದೇ ಅಲ್ಲಿನ ವಿದ್ಯೆ. ವೈಲೆಟ್ ಮನೆಯಲ್ಲಿಯೇ ಕಲಿತವಳು. ಅವಳ ತಂದೆ ಮೃತಭಾಷೆಗಳ ಅಧ್ಯಾಪಕರು. ಆ ಮೃತಭಾಷೆಗಳೆಂದರೆ ಲ್ಯಾಟಿನ್ ಅಲ್ಲ, ಫೋರ್ಟ್ರಾನ್ ಮತ್ತು ಬೇಸಿಕ್! ಜನರ ಚರ್ಮದ ಮೇಲೆ ಕಾರಣ ತಿಳಿಯದ ಹುಣ್ಣುಗಳು ಏಳುತ್ತಿವೆ. ಯಾರೂ ಆತಂಕಪಡುವುದಿಲ್ಲ, ಏಕೆಂದರೆ ಫೀಡ್ ಅದನ್ನು ಫ್ಯಾಷನ್ ಮಾಡಿಬಿಟ್ಟಿದೆ. ಹುಣ್ಣಿಲ್ಲದವರು ಕೃತಕವಾಗಿ ಹುಣ್ಣು ಮಾಡಿಸಿಕೊಳ್ಳುವ ಹಂತಕ್ಕೆ ಆ ಸಮಾಜ ತಲುಪುತ್ತದೆ. ರೋಗಲಕ್ಷಣವನ್ನೇ ಅಲಂಕಾರವೆಂದು ಧರಿಸುವ ಈ ಚಿತ್ರಕ್ಕಿಂತ ಹರಿತವಾದ ವ್ಯಂಗ್ಯ ಇತ್ತೀಚಿನ ಸಾಹಿತ್ಯದಲ್ಲಿ ವಿರಳ.

ಆದರೆ ಕೃತಿಯ ತಿರುಳಿರುವುದು ವೈಲೆಟ್‌ಳ ಪ್ರತಿರೋಧದಲ್ಲಿ. ಫೀಡ್ ತನ್ನನ್ನು ಅಳೆದು, ತೂಗಿ, ಒಂದು ಗ್ರಾಹಕ ವರ್ಗದ ಗೂಡಿಗೆ ತಳ್ಳುತ್ತಿದೆ ಎಂಬುದನ್ನು ಅರಿತ ಆಕೆ ಅದನ್ನು ದಿಕ್ಕುತಪ್ಪಿಸಲು ನಿರ್ಧರಿಸುತ್ತಾಳೆ. ಮಾಲ್‌ಗೆ ಹೋಗಿ ಒಂದಕ್ಕೊಂದು ಸಂಬಂಧವಿಲ್ಲದ ಸರಕುಗಳನ್ನೆಲ್ಲ ವಿಚಾರಿಸುತ್ತಾಳೆ; ಏನನ್ನೂ ಕೊಳ್ಳುವುದಿಲ್ಲ. ಯಂತ್ರಕ್ಕೆ ಅವಳು ಅರ್ಥವಾಗದವಳಾಗುತ್ತಾಳೆ. ಮುಂದೆ ಅವಳ ಫೀಡ್ ಕೆಡತೊಡಗುತ್ತದೆ. ಇತರರಂತೆ ಶೈಶವದಲ್ಲಲ್ಲದೆ ಏಳನೆಯ ವಯಸ್ಸಿನಲ್ಲಿ ಅಳವಡಿಸಿದ ಸಾಧನವದು. ಅದು ಕೆಟ್ಟಂತೆ ಕೈಕಾಲುಗಳ ಸ್ವಾಧೀನ ತಪ್ಪುತ್ತದೆ, ನೆನಪು ಅಳಿಯುತ್ತದೆ. ದುರಸ್ತಿಗೆ ಬೇಕಾದ ಹಣವನ್ನು ತಂದೆ ಹೊಂದಿಸಲಾರರು. ಕಂಪನಿಯ ನೆರವನ್ನು ಬೇಡಿದಾಗ ಉತ್ತರ ಬರುತ್ತದೆ: ನಿನ್ನ ಖರೀದಿಯ ದಾಖಲೆ ಅಸ್ಪಷ್ಟವಾಗಿದೆ, ಆದ್ದರಿಂದ ನಿನ್ನ ಮೇಲೆ ಹೂಡಿಕೆ ಮಾಡಲು ಯಾರೂ ಸಿದ್ಧರಿಲ್ಲ. ಈ ಮರಣಶಾಸನವನ್ನು ಓದಿ ಹೇಳುವುದು ಮಧುರ ದನಿಯ ಒಬ್ಬ ‘ಸಹಾಯಕಿ’. ಆ ದನಿಯಲ್ಲಿ ಕೋಪವಿಲ್ಲ, ಕ್ರೌರ್ಯವಿಲ್ಲ. ಮೇಲ್ಮನವಿಗೆ ಅವಕಾಶವೂ ಇಲ್ಲ.

ಸರ್ಕಾರಿ ಕಡತಗಳ ನಡುವೆ ಬದುಕು ಕಳೆದ ನನ್ನಂಥವನಿಗೆ ಈ ಕಾದಂಬರಿಯಲ್ಲಿ ಅತ್ಯಂತ ಭಯ ಹುಟ್ಟಿಸಿದ್ದು ಮಿದುಳಿನ ಸಾಧನವಲ್ಲ, ಈ ಉತ್ತರ. ಹಳೆಯ ಕಚೇರಿಯಲ್ಲಿ ವಿಳಂಬವಿತ್ತು, ಲಂಚವಿತ್ತು, ದರ್ಪವಿತ್ತು; ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅರ್ಜಿಯೊಂದನ್ನು ತಿರಸ್ಕರಿಸುವವನು ಟಿಪ್ಪಣಿ ಬರೆಯಬೇಕಿತ್ತು, ಕಾರಣ ಕೊಡಬೇಕಿತ್ತು, ಕೆಳಗೆ ಸಹಿ ಹಾಕಬೇಕಿತ್ತು. ಆ ಸಹಿಯನ್ನು ಹಿಡಿದುಕೊಂಡು ಅರ್ಜಿದಾರ ಮೇಲಿನ ಅಧಿಕಾರಿಯ ಬಳಿಗೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಗಬಹುದಿತ್ತು. ವೈಲೆಟ್‌ಳ ಅರ್ಜಿಯ ಮೇಲೆ ಸಹಿ ಹಾಕಿದವರು ಯಾರೂ ಇಲ್ಲ.

ಆ್ಯಂಡರ್ಸನ್ ಅವರೇ 2017ರಲ್ಲಿ ಪ್ರಕಟಿಸಿದ ‘ಲ್ಯಾಂಡ್‌ಸ್ಕೇಪ್ ವಿತ್ ಇನ್‌ವಿಸಿಬಲ್ ಹ್ಯಾಂಡ್’ ಎಂಬ ಕಿರುಕಾದಂಬರಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇನ್ನಷ್ಟು ಹತ್ತಿರದ್ದು. ಶೀರ್ಷಿಕೆಯಲ್ಲಿರುವುದು ಆ್ಯಡಂ ಸ್ಮಿತ್‌ನ ‘ಅಗೋಚರ ಹಸ್ತ’. ತನ್ನ 1776ರ ಮಹಾಗ್ರಂಥದಲ್ಲಿ ಸ್ಮಿತ್ ಈ ರೂಪಕವನ್ನು ಬಳಸಿದ್ದು ಒಂದೇ ಒಂದು ಸಲ. ಅದನ್ನು ಮಂತ್ರವಾಗಿಸಿದವರು ನಂತರದ ಭಕ್ತರು. ಕಾದಂಬರಿಯಲ್ಲಿ ವೂವ್ ಎಂಬ ಅನ್ಯಗ್ರಹದ ಜೀವಿಗಳು ಭೂಮಿಗೆ ಬರುತ್ತವೆ. ಯುದ್ಧ ಮಾಡಲು ಅಲ್ಲ, ವ್ಯಾಪಾರ ಮಾಡಲು. ಎಲ್ಲ ರೋಗಗಳನ್ನು ಗುಣಪಡಿಸುವ, ಎಲ್ಲ ದುಡಿಮೆಯನ್ನು ತಪ್ಪಿಸುವ ತಂತ್ರಜ್ಞಾನ ಅವುಗಳ ಕೈಯಲ್ಲಿದೆ. ಮನುಕುಲ ಕುಣಿದು ಕುಪ್ಪಳಿಸುತ್ತದೆ. ದುಡಿಮೆ ತಪ್ಪುವುದೇನೋ ನಿಜ. ಅದರೊಂದಿಗೆ ಸಂಬಳವೂ ತಪ್ಪುತ್ತದೆ ಎಂಬುದು ಆಮೇಲೆ ಅರಿವಾಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಗಾದೆ. ಕೆಸರಾಗಲು ಕೈಗೆ ಕೆಲಸವೇ ಇಲ್ಲದ ಲೋಕದಲ್ಲಿ ಮೊಸರು ಯಾರ ಬಾಯಿಗೆ?

ಕಥಾನಾಯಕ ಆ್ಯಡಂ ಚಿತ್ರಕಾರ. ಅವನನ್ನು ಕಾಡುತ್ತಿರುವ ಕಾಯಿಲೆಗೆ ವೂವ್‌ಗಳ ಬಳಿ ಔಷಧವಿದೆ, ಕೊಳ್ಳಲು ಅವನ ಬಳಿ ಹಣವಿಲ್ಲ. 1950ರ ದಶಕದ ಅಮೆರಿಕದ ಪ್ರೇಮಕಥೆಗಳೆಂದರೆ ವೂವ್‌ಗಳಿಗೆ ಪ್ರಾಣ. ಆದ್ದರಿಂದ ಆ್ಯಡಂ ಮತ್ತು ಅವನ ಗೆಳತಿ ತಮ್ಮ ಒಲವನ್ನೇ ಆ ಕಾಲದ ವೇಷಭಾಷೆಗಳಲ್ಲಿ ನೇರಪ್ರಸಾರ ಮಾಡಿ ಹಣ ಗಳಿಸುತ್ತಾರೆ. ಒಲವು ಒಣಗಿ ದ್ವೇಷವಾದ ಮೇಲೂ ಪ್ರಸಾರ ನಿಲ್ಲಿಸುವಂತಿಲ್ಲ, ಮನೆ ನಡೆಯಬೇಕಲ್ಲ. ತಂತ್ರಜ್ಞಾನದ ಲಾಭ ‘ಎಲ್ಲರಿಗೂ’ ಹರಿದುಬರುತ್ತದೆ ಎಂಬ ಮಾತನ್ನು ನಾವು ಎಷ್ಟು ಸುಲಭವಾಗಿ ನಂಬುತ್ತೇವೆ! ಹರಿಯುವ ಕಾಲುವೆ ಯಾರ ಜಮೀನಿನ ಮೂಲಕ ಹೋಗುತ್ತದೆ, ತೂಬಿನ ಕೀಲಿ ಯಾರ ಬಳಿಯಿದೆ ಎಂದು ಕೇಳುವ ರೂಢಿ ನೀರಾವರಿಯಲ್ಲಿ ಇದೆ, ತಂತ್ರಜ್ಞಾನದಲ್ಲಿ ಇಲ್ಲ.

ಇಂಗ್ಲೆಂಡಿನ ಫಿಲಿಪ್ ರೀವ್ ಅವರ ‘ಮಾರ್ಟಲ್ ಎಂಜಿನ್ಸ್’ (2001) ಇದೇ ಭಕ್ತಿಯನ್ನು ಬೇರೆ ಕೋನದಿಂದ ನೋಡುತ್ತದೆ. ದೂರದ ಭವಿಷ್ಯದಲ್ಲಿ ನಗರಗಳಿಗೆ ಚಕ್ರ ಮೂಡಿವೆ. ದೊಡ್ಡ ನಗರ ಸಣ್ಣ ಪಟ್ಟಣವನ್ನು ಅಟ್ಟಿಸಿಕೊಂಡು ಹೋಗಿ ನುಂಗುತ್ತದೆ, ಅದರ ಕಬ್ಬಿಣ ಕಟ್ಟಿಗೆಗಳನ್ನು ಕರಗಿಸಿ ಕೊಬ್ಬುತ್ತದೆ. ಇದು ಪ್ರಕೃತಿನಿಯಮವೆಂದು ಶಾಲೆಯಲ್ಲಿ ಕಲಿಸಲಾಗುತ್ತದೆ. ಸುತ್ತಲಿನ ಹಳ್ಳಿಗಳನ್ನೂ ಕೆರೆಗಳನ್ನೂ ಒಂದೊಂದಾಗಿ ನುಂಗಿ ಬೆಳೆದ ಬೆಂಗಳೂರಿನಲ್ಲಿ ಕುಳಿತು ಓದುವವರಿಗೆ ಇದು ಪೂರ್ತಿ ಕಲ್ಪನೆ ಅನ್ನಿಸಲಾರದು. ಆ ಕಾದಂಬರಿಯ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಅಳಿದುಹೋದ ಅಮೆರಿಕದ ಪ್ರಾಣಿಮುಖದ ದೇವತೆಗಳೆಂದು ಎರಡು ವಿಗ್ರಹಗಳನ್ನು ಇಡಲಾಗಿದೆ: ಒಂದು ಮಿಕ್ಕಿ, ಇನ್ನೊಂದು ಪ್ಲೂಟೊ. ನಾವು ದಿನವೂ ಯಾವುದರ ಮುಂದೆ ಹೆಚ್ಚು ಹೊತ್ತು ಕುಳಿತಿರುತ್ತೇವೋ ಅದನ್ನೇ ನಮ್ಮ ದೇವರೆಂದು ಮುಂದಿನವರು ತಿಳಿದರೆ ಅವರದು ತಪ್ಪೆನ್ನಲಾದೀತೆ?

ಇವೆಲ್ಲ ಉತ್ಪ್ರೇಕ್ಷೆ, ಮಕ್ಕಳ ಕಥೆ ಎನ್ನುವವರು ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ನಿಜವಾಗಿ ನಡೆದುದನ್ನು ನೋಡಬೇಕು. ಅಲ್ಲಿ 1999ರಿಂದ ‘ಹೊರೈಜನ್’ ಎಂಬ ಲೆಕ್ಕಪತ್ರದ ಕಂಪ್ಯೂಟರ್ ವ್ಯವಸ್ಥೆ ಜಾರಿಗೆ ಬಂತು. ಅಂಚೆ ಶಾಖೆಗಳನ್ನು ನಡೆಸುತ್ತಿದ್ದ ಸಾಮಾನ್ಯ ಜನರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಸಾವಿರಾರು ಪೌಂಡುಗಳ ಕೊರತೆ ಕಾಣಿಸತೊಡಗಿತು. ತಾವು ಕದ್ದಿಲ್ಲವೆಂದು ಅವರು ಅಂಗಲಾಚಿದರು. ಕಂಪ್ಯೂಟರ್ ತಪ್ಪು ಮಾಡುವುದಿಲ್ಲವೆಂಬ ಉತ್ತರ ಬಂತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತೆಂದು ಭಾವಿಸಿಕೊಳ್ಳುವ ನಿಯಮ ಅಲ್ಲಿನ ಸಾಕ್ಷ್ಯ ಕಾನೂನಿನಲ್ಲಿಯೂ ಇತ್ತು. 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ವಂಚನೆ, ಸುಳ್ಳುಲೆಕ್ಕಗಳ ಆರೋಪದಲ್ಲಿ ಅಪರಾಧಿಗಳಾದರು. ಕೆಲವರು ಸೆರೆಮನೆಗೆ ಹೋದರು, ಹಲವರು ಮನೆಮಠ ಕಳೆದುಕೊಂಡರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ದೋಷವಿದ್ದದ್ದು ಯಂತ್ರದಲ್ಲಿ ಎಂಬುದನ್ನು ಹೈಕೋರ್ಟು ಒಪ್ಪಲು 2019 ಬರಬೇಕಾಯಿತು. ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು 2024ರಲ್ಲಿ ಪಾರ್ಲಿಮೆಂಟು ವಿಶೇಷ ಕಾಯಿದೆಯನ್ನೇ ಮಾಡಬೇಕಾಯಿತು. ಆ ಇಪ್ಪತ್ತು ವರ್ಷಗಳಲ್ಲಿ ಯಂತ್ರಕ್ಕಿಂತ ಹೆಚ್ಚು ಕೆಟ್ಟುಹೋಗಿದ್ದುದು ಅದರ ಮುಂದೆ ಕೈಮುಗಿದು ನಿಂತ ಮನುಷ್ಯರ ವಿವೇಕ.

ಕೈಮುಗಿಯುವ ಮಾತು ಬಂದಾಗ ನಮ್ಮ ಆಯುಧಪೂಜೆ ನೆನಪಾಗುವುದು ಸಹಜ. ಯಂತ್ರಗಳನ್ನು ಪೂಜಿಸುವುದರಲ್ಲಿ ನಾವು ಯಾರಿಗೂ ಕಡಿಮೆಯವರಲ್ಲ. ಮಹಾನವಮಿಯ ದಿನ ಕಚೇರಿಯ ಜೀಪಿಗೆ ಬಾಳೆಕಂದು, ಕಂಪ್ಯೂಟರಿಗೆ ಅರಿಸಿನ ಕುಂಕುಮ, ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ. ಇದರಲ್ಲಿ ಮೌಢ್ಯವನ್ನಷ್ಟೇ ಕಾಣುವವರು ಒಂದು ಸೂಕ್ಷ್ಮವನ್ನು ಮರೆಯುತ್ತಾರೆ. ನಮ್ಮ ರೈತ ನೇಗಿಲಿಗೆ ಕೈಮುಗಿಯುವುದು ವರ್ಷಕ್ಕೆ ಒಂದು ದಿನ. ಮರುದಿನ ಅದು ಮೊಂಡಾಗಿದ್ದರೆ ಕುಲುಮೆಗೆ ಒಯ್ಯುತ್ತಾನೆ. ನೇಗಿಲು ಸರಿಯಾಗಿದೆ, ನೆಲದ್ದೇ ತಪ್ಪು ಎಂದು ಅವನು ಎಂದೂ ಹೇಳುವುದಿಲ್ಲ. ಅದು ಉಪಕರಣಕ್ಕೆ ಸಲ್ಲಿಸುವ ಕೃತಜ್ಞತೆ. ಉಪಕರಣವನ್ನು ಪ್ರಶ್ನಿಸುವ ಹಕ್ಕನ್ನೇ ಬಿಟ್ಟುಕೊಡುವುದು ಬೇರೆಯದೇ ಬಗೆಯ ಪೂಜೆ. ಅದಕ್ಕೆ ವರ್ಷದಲ್ಲಿ ಬಿಡುವಿನ ದಿನವೇ ಇಲ್ಲ.

ಈ ವ್ಯತ್ಯಾಸವನ್ನು ನಮ್ಮ ಆಡಳಿತದ ಎರಡು ಉದಾಹರಣೆಗಳಲ್ಲಿ ಕಾಣಬಹುದು. 2000ದ ದಶಕದ ಆರಂಭದಲ್ಲಿ ಕರ್ನಾಟಕ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ ಪಹಣಿಗಳನ್ನು ಗಣಕೀಕರಿಸಿತು. ಗ್ರಾಮ ಲೆಕ್ಕಿಗರ ಬೆನ್ನುಹತ್ತಿ ಅಲೆಯುತ್ತಿದ್ದ ರೈತ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ತನ್ನ ಪಹಣಿಯನ್ನು ಪಡೆಯುವಂತಾಯಿತು. ತಂತ್ರಜ್ಞಾನದ ದ್ವೇಷಿಗಳು ಯಾರಾದರೂ ಇದ್ದರೆ ಈ ಬದಲಾವಣೆಯನ್ನು ನೆನಪಿಸಿಕೊಳ್ಳಬೇಕು. ಆ ವ್ಯವಸ್ಥೆಯಲ್ಲಿ ಬೆರಳಚ್ಚು ಒತ್ತಬೇಕಾಗಿದ್ದವರು ದಾಖಲೆಯನ್ನು ಬದಲಿಸುವ ನೌಕರರು. ಯಾರು ಯಾವ ತಿದ್ದುಪಡಿ ಮಾಡಿದರೆಂದು ಮುಂದೆ ಅವರು ನಿರಾಕರಿಸದಿರಲಿ ಎಂಬುದು ಅದರ ಉದ್ದೇಶ. ನಂತರ ಬಂದ ಪಡಿತರ ವ್ಯವಸ್ಥೆಯಲ್ಲಿ ಬೆರಳಚ್ಚು ಒತ್ತಬೇಕಾದವರು ಅಕ್ಕಿಗಾಗಿ ಬಂದ ಬಡವರು. ಕಳೆ ಕಿತ್ತು, ಕಲ್ಲು ಹೊತ್ತು ಬೆರಳಿನ ಗೆರೆಗಳೇ ಸವೆದುಹೋದ ಅಜ್ಜಿಯನ್ನು ಯಂತ್ರ ಗುರುತಿಸದಿದ್ದರೆ, ತಾನು ತಾನೇ ಎಂದು ಸಾಬೀತುಪಡಿಸುವ ಹೊಣೆ ಆಕೆಯದು. ಸಾಧನ ಒಂದೇ. ಮೊದಲನೆಯದರಲ್ಲಿ ಯಂತ್ರದ ಮುಂದೆ ಅಧಿಕಾರ ಉತ್ತರ ಕೊಡುತ್ತಿತ್ತು, ಎರಡನೆಯದರಲ್ಲಿ ಹಸಿವು ಉತ್ತರ ಕೊಡುತ್ತಿದೆ. ಯಾರ ಹೆಬ್ಬೆರಳು ಯಾರ ಮುಂದೆ ಎಂಬ ಪ್ರಶ್ನೆಯನ್ನು ಕೇಳಿದರೆ ತಂತ್ರಜ್ಞಾನ ಉಪಕರಣವಾಗಿದೆಯೋ ದೇವರಾಗಿದೆಯೋ ತಿಳಿದುಬಿಡುತ್ತದೆ.

ಕೇಳುವವರು ಇಲ್ಲದೆ ಇರಲಿಲ್ಲ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರ ವಯಸ್ಸು 80 ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು ಅದೇ ಪ್ರಕರಣದಲ್ಲಿ. 2018ರ ತೀರ್ಪು ಸರ್ಕಾರಿ ಸವಲತ್ತುಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿಯಿತಾದರೂ ಖಾಸಗಿ ಕಂಪನಿಗಳ ಬಳಕೆಗೆ ಅವಕಾಶ ಕೊಟ್ಟಿದ್ದ ಕಲಮನ್ನು ತೆಗೆದುಹಾಕಿತು. ಪ್ರಶ್ನೆಗೆ ಪೂರ್ಣ ಜಯ ಸಿಗದಿರಬಹುದು. ಆದರೆ ಕೇಳಿದ್ದರಿಂದಲೇ ದೇಶಕ್ಕೆ ಒಂದು ಹಕ್ಕು ದಕ್ಕಿತು.

ಹೀಗೆ ಪ್ರಶ್ನಿಸುವ ಅಭ್ಯಾಸ 80ನೇ ವಯಸ್ಸಿನಲ್ಲಿ ಹುಟ್ಟುವುದಲ್ಲ. ಅದು ಮೊಳೆಯುವುದು ಹದಿನೈದರಲ್ಲಿ. ಆ ವಯಸ್ಸಿನವರಿಗೆ ಉಪದೇಶ ರುಚಿಸದು. ಮೊಬೈಲ್ ಬಿಡು ಎಂದು ಗದರಿಸುವ ತಂದೆಯ ಕೈಯಲ್ಲಿಯೇ ಮೊಬೈಲ್ ಇರುವುದನ್ನು ಅವರು ನಮಗಿಂತ ಚೆನ್ನಾಗಿ ಕಾಣಬಲ್ಲರು. ಅವರಿಗೆ ವಿಡಂಬನೆ ರುಚಿಸುತ್ತದೆ, ಏಕೆಂದರೆ ಅದು ದೊಡ್ಡವರ ಸೋಗನ್ನು ಬಯಲಿಗೆಳೆಯುತ್ತದೆ. ಇಂಥ ಕೃತಿಗಳು ಎಳೆಯರಲ್ಲಿ ಸಿನಿಕತನ ಬೆಳೆಸುತ್ತವೆ, ವಿಜ್ಞಾನದ ಬಗ್ಗೆ ಅಪನಂಬಿಕೆ ಹುಟ್ಟಿಸುತ್ತವೆ ಎಂಬ ಆಕ್ಷೇಪವಿದೆ. ನನಗೆ ಹಾಗನ್ನಿಸುವುದಿಲ್ಲ. ವಿಜ್ಞಾನ ಬೆಳೆದದ್ದೇ ಸಂದೇಹದಿಂದ. ಸಂದೇಹಪಡದೆ ಯಂತ್ರಕ್ಕೆ ತಲೆಬಾಗುವವನು ವಿಜ್ಞಾನದ ಶಿಷ್ಯನಲ್ಲ, ಅದರ ಗಿರಾಕಿ.

ಕನ್ನಡದಲ್ಲಿ ಬೀಚಿ, ನಾ. ಕಸ್ತೂರಿಯವರಂಥ ಹಾಸ್ಯಪ್ರತಿಭೆಗಳಿದ್ದರು, ರಾಜಶೇಖರ ಭೂಸನೂರಮಠರಂಥವರು ವಿಜ್ಞಾನಕಥೆಯ ಹಾದಿಯನ್ನು ತೆರೆದರು. ಈ ಎರಡು ಧಾರೆಗಳು ಹದಿಹರೆಯದ ಓದುಗರಿಗಾಗಿ ಒಂದೆಡೆ ಸೇರಿದ್ದು ವಿರಳ. ದೇಶದ ಮಾಹಿತಿ ತಂತ್ರಜ್ಞಾನದ ರಾಜಧಾನಿಯೆಂದು ಕರೆಸಿಕೊಳ್ಳುವ ನಗರವನ್ನು ಹೊಂದಿರುವ ಭಾಷೆಗೆ ಇದಕ್ಕಿಂತ ಯೋಗ್ಯವಾದ ವಸ್ತು ಬೇಕೆ? 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 18 ವರ್ಷದೊಳಗಿನವರ ನಡವಳಿಕೆಯನ್ನು ಬೆನ್ನುಹತ್ತಿ ಅವರತ್ತ ಜಾಹೀರಾತು ಗುರಿಯಿಡುವುದನ್ನು ನಿಷೇಧಿಸಿದೆ. ವೈಲೆಟ್‌ಳ ಅಮೆರಿಕದಲ್ಲಿ ಇಂಥ ಕಾನೂನು ಇರಲಿಲ್ಲ. ಆದರೆ ಕಾನೂನು ಬೇಲಿ ಹಾಕಬಲ್ಲದು, ಬೇಲಿಯ ಆಚೆ ಏನಿದೆ ಎಂದು ಕಾಣುವ ಕಣ್ಣನ್ನು ಕೊಡಲಾರದು. ಅದನ್ನು ಕೊಡುವುದು ಓದು. ನಮ್ಮ ಪ್ರೌಢಶಾಲೆಗಳ ಗ್ರಂಥಾಲಯಗಳಲ್ಲಿ ಗಲಿವರನ ಮೂರನೆಯ ಪ್ರವಾಸಕ್ಕೂ ಈ ಹೊಸ ಕಾದಂಬರಿಗಳ ಕನ್ನಡ ರೂಪಗಳಿಗೂ ಒಂದು ಮೂಲೆ ಸಿಗಬೇಕು. ಪ್ರತಿ ಶಾಲೆಗೂ ಕಂಪ್ಯೂಟರ್ ಒದಗಿಸುವ ಉತ್ಸಾಹದ ಒಂದು ಪಾಲು ಇದಕ್ಕೆ ಸಾಕು.

‘ಫೀಡ್’ನ ಕೊನೆಯಲ್ಲಿ, ಸಾಯುತ್ತಿರುವ ವೈಲೆಟ್‌ಳ ಹಾಸಿಗೆಯ ಪಕ್ಕದಲ್ಲಿ ಕುಳಿತ ಟೈಟಸ್ ಅವಳಿಗೆ ಅವರಿಬ್ಬರ ಕಥೆಯನ್ನು ಹೇಳುತ್ತಾನೆ. ಕಾದಂಬರಿಯುದ್ದಕ್ಕೂ ಫೀಡ್ ಹೇಳಿದ್ದನ್ನೇ ಹೇಳಿದ ಹುಡುಗ ಮೊದಲ ಬಾರಿಗೆ ತನ್ನದೇ ಮಾತನ್ನು ಹುಡುಕಿಕೊಳ್ಳುತ್ತಾನೆ. ಅವನಿಗೆ ಅದು ತಡವಾಯಿತು. ನಮ್ಮ ಮಕ್ಕಳಿಗೆ ತಡವಾಗಬೇಕಿಲ್ಲ. ಗಡಿಯಾರವನ್ನು ಜೇಬಿನಿಂದ ಎಸೆಯಬೇಕೆಂದು ಸ್ವಿಫ್ಟ್ ಹೇಳಲಿಲ್ಲ. ಗಂಟೆ ಎಷ್ಟೆಂದು ಅದನ್ನು ಕೇಳೋಣ. ಆ ಗಂಟೆಯಲ್ಲಿ ಮಾಡಬೇಕಾದುದೇನು ಎಂಬುದನ್ನು ಮಾತ್ರ ನಾವೇ ತೀರ್ಮಾನಿಸಬೇಕು, ಆ ತೀರ್ಮಾನದ ಕೆಳಗೆ ನಾವೇ ಸಹಿ ಹಾಕಬೇಕು.